ಜಾಮೀನಿಗೆ ಕುಂತಾಂವ

ಔರಾದ
9 ಅಕ್ಟೋಬರ್ 1948

ಇಲ್ಲ ಅಣ್ಣಾ, ಅವಳನ್ನು ನಾವು ಕರೆದು ತಂದು ಇಟ್ಟುಕೊಂಡಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆದುಹಾಕು. ಅಕ್ತರಬೀ ತಾನಾಗಿಯೇ ಬಂದಳು. ಕೂಸನ್ನು ಎತ್ತಿಕೊಂಡು ನಮ್ಮ ಕುರಿಹಟ್ಟಿಯ ಬೇಲಿ ಹತ್ತಿರ ನಿಂತಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೊತ್ತು ಮುಳುಗಿತು, ಒಳಗೆ ಬಂದಳು. ಅಷ್ಟೇ.

ನೀನು ಬೀದರದಲ್ಲಿ ಕೂತು "ಆ ರಜಾಕಾರನ ಹೆಂಡತಿ" ಅಂತ ಬರೆಯುತ್ತೀ. ಅವಳ ಗಂಡ ಗುಲಾಮ ರಸೂಲ ನಮ್ಮ ಉಣ್ಣೆ ಹಿಂಜುತ್ತಿದ್ದವನು. ಅವನು ಬಿಲ್ಲು ಮೀಟಿದರೆ ಆ ಟಂಯ್ ಟಂಯ್ ಸದ್ದಿಗೆ ನೀನು ಕುಣಿಯುತ್ತಿದ್ದೆ, ಮರೆತೆಯಾ? ಬೇಸಿಗೆಯಲ್ಲಿ ಅವನು ರಜಾಕಾರರ ಖಾಕಿ ಅಂಗಿ ತೊಟ್ಟಿದ್ದು ನಿಜ. ಇಷ್ಟಪಟ್ಟು ತೊಟ್ಟನೋ, ಹೆದರಿಸಿ ತೊಡಿಸಿದರೋ ನನಗೆ ಗೊತ್ತಿಲ್ಲ. ಹಲಬರ್ಗಾದಲ್ಲಿ ಬಣವೆಗಳಿಗೆ ಬೆಂಕಿ ಬಿದ್ದ ದಿನ ಆ ಗುಂಪಿನಲ್ಲಿ ಇದ್ದನಂತೆ. ಮಿಲಿಟರಿ ಬಂದ ಮೇಲೆ ಹಿಡಿದುಕೊಂಡು ಹೋದರು. ಈಗ ಬೀದರ ಜೇಲಿನಲ್ಲಿದ್ದಾನೆ. ನಿನ್ನ ಕೋಣೆಗೆ ಹತ್ತಿರವೇ ಇರಬೇಕು.

ಸಂತೆ ಓಣಿಯಲ್ಲಿ ಕೆಲವು ಮನೆಗಳ ಬಾಗಿಲು ತೆರೆದೇ ಇವೆ, ಒಳಗೆ ಯಾರೂ ಇಲ್ಲ. ಯಾಕೆ ಅಂತ ಕೇಳಬೇಡ. ನಾನೂ ಯಾರನ್ನೂ ಕೇಳುತ್ತಿಲ್ಲ.

ಈಗ ಮುಖ್ಯ ಮಾತು. ನಿನ್ನೆ ಅಪ್ಪ ಕಂಬಳಿ ನೂಲು ತೆಗೆಯುತ್ತ ಕೂತಿದ್ದ. ಅಕ್ತರಬೀ ಹೋಗಿ ಅವನ ಮುಂದೆ ನಿಂತಳು.

"ಧೊಂಡಿಬಾ ಕಾಕಾ, ಜಾಮೀನ ಕೊಟ್ರ ಬಿಡ್ತಾರಂತ್ರಿ. ನಮ್ಮವರು ಯಾರೂ ಉಳದಿಲ್ಲರಿ. ನೀವ ಆಗ್ರಿ."

ಅಪ್ಪ ಮುಖ ಎತ್ತಲಿಲ್ಲ. "ಹೂಂ" ಅಂದ.

ಅಪ್ಪ ಒಮ್ಮೆ ಹೂಂ ಅಂದರೆ ಮುಗಿಯಿತು, ಅದು ನಿನಗೂ ಗೊತ್ತು. ನಮ್ಮ ಕುರಿಯವರಲ್ಲಿ ಜಾಮೀನು ಅಂದರೆ ಏನು ಅಂತ ನಾನು ಬಲ್ಲೆ. ಮಾಂಜ್ರಾ ಹೊಳೆಯ ಆಚೆ ನಮ್ಮ ಕುರಿ ನುಗ್ಗಿ ಬಿಳಿಜೋಳ ತಿಂದ ವರ್ಷ ಪಂಚರು ಕೂಡುವ ತನಕ ದೊಡ್ಡಪ್ಪ ಆ ಹೊಲದವನ ಪಡಸಾಲೆಯಲ್ಲಿ ಹೋಗಿ ಕೂತಿದ್ದ. ಕುರಿ ಹಟ್ಟಿಗೆ ಬಂದವು, ದೊಡ್ಡಪ್ಪ ಅಲ್ಲೇ ಉಳಿದ. ಅವರೇ ರೊಟ್ಟಿ ಹಾಕಿದರು, ಅವರೇ ಬೈದರು. ಆದರೆ ಅದಾಲತದ ಜಾಮೀನು ಹೇಗಿರುತ್ತದೆ? ವಕೀಲರ ಹತ್ತಿರ ಬರೆಯುವ ಕೆಲಸ ನಿನ್ನದು. ಬಿಡಿಸಿ ಬರೆ, ಬೇಗ ಬರೆ. ಕನ್ನಡದಲ್ಲೇ ಬರೆ, ನೀನು ಕಲಿಸಿದ ಅಕ್ಷರ ಬಿಟ್ಟು ನನಗೆ ಬೇರೆ ಓದಲು ಬರುವುದಿಲ್ಲ.

ನಿನ್ನ ತಂಗಿ,
ಚಂದ್ರಭಾಗಾ


ಬೀದರ
17 ಅಕ್ಟೋಬರ್ 1948

ಚಂದ್ರಾ,

ಕೇಳಿದ್ದಕ್ಕೆ ಉತ್ತರ ಮೊದಲು, ಬೈಗುಳ ಆಮೇಲೆ.

ಅದಾಲತದಲ್ಲಿ ಜಾಮೀನು ಎಂದರೆ ಹೊಣೆ. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ಮಾತೇ ಅದರಲ್ಲಿ ಇಲ್ಲ. ಅವನು ಒಳ್ಳೆಯವನು ಎಂದು ಸಾಕ್ಷಿ ಹೇಳಿದಂತೆಯೂ ಅಲ್ಲ. ಪೇಶಿಗೆ, ಅಂದರೆ ವಿಚಾರಣೆಗೆ, ಕರೆದ ದಿನ ಅವನು ಬಂದು ನಿಲ್ಲುತ್ತಾನೆ ಎಂದು ಇನ್ನೊಬ್ಬ ಹೊಣೆ ಹೊರುವುದು. ಅಷ್ಟೇ. ಹಾಗೆ ನಿಂತವನನ್ನೂ ನಮ್ಮ ಕಡೆ ಜಾಮೀನ ಅನ್ನುತ್ತಾರೆ. ಆರೋಪಿ ಓಡಿಹೋದರೆ ಹೊಣೆ ಹೊತ್ತವನ ಹೊಲ ಜಪ್ತಿಯಾಗುತ್ತದೆ. ಪುಸ್ತಕದಲ್ಲಿ ಇರುವುದು ಇಷ್ಟು.

ಪುಸ್ತಕದ ಹೊರಗೆ ಇರುವುದನ್ನು ಕೇಳು. ಇಲ್ಲಿ ಒಬ್ಬ ಅಂಗಡಿಯವನು ತನ್ನ ಪಕ್ಕದ ಮನೆಯವನಿಗೆ ಜಾಮೀನು ನಿಂತ. ಮರುದಿನ ಅವನ ಅಂಗಡಿ ಬಾಗಿಲಿಗೆ ಸಗಣಿ ಬಳಿದಿದ್ದರು. ಅದರ ಮರುದಿನ ಪೇಟೆಯ ನಡುವಿನ ಚೌಬಾರಾದ ಹತ್ತಿರ ಅವನನ್ನು ತಡೆದು ನಿಲ್ಲಿಸಿದರು. ಈಗ ಅವನು ಅಂಗಡಿ ತೆರೆಯುತ್ತಾನೆ, ಆದರೆ ಯಾರೊಂದಿಗೂ ಮಾತಾಡುವುದಿಲ್ಲ. ನಮ್ಮ ಮುಜೀಬೋದ್ದೀನ ವಕೀಲರು ಒಂದೇ ಬಾಗಿಲು ತೆರೆದುಕೊಂಡು ಕೂರುತ್ತಾರೆ. ಕಕ್ಷಿದಾರರು ಬರುವುದಿಲ್ಲ. ಗುಲಾಮ ರಸೂಲನ ವಿಷಯ ಎತ್ತಿದಾಗ, "ಅರ್ಜಿ ನಾ ಹಾಕ್ತೀನಿ ದತ್ತಾತ್ರಿ. ಆದ್ರ ಜಾಮೀನ ಎಲ್ಲಿಂದ ತರ್ತೀ? ಈಗ ನನಗೇ ಒಬ್ಬ ಜಾಮೀನ ಬೇಕಾಗ್ಯಾನ" ಎಂದು ನಕ್ಕರು. ನಗುವಾಗಲೂ ಬಾಗಿಲ ಕಡೆಯೇ ನೋಡುತ್ತಿದ್ದರು.

ಹಲಬರ್ಗಾದ ಮಡೆಪ್ಪನವರ ಮಗಳನ್ನು ನನಗೆ ತರುವ ಮಾತು ನಡೆದಿದೆ, ನೆನಪಿದೆಯಲ್ಲ? ಸುಟ್ಟದ್ದು ಅವರದೇ ಬಣವೆ. ನಾಳೆ ಅಪ್ಪ ಆ ಆರೋಪಿಗೇ ಜಾಮೀನು ನಿಂತರೆ ಅವರ ಮುಂದೆ ಯಾವ ಮುಖ ಹೊತ್ತು ಹೋಗಲಿ?

ಅಪ್ಪನಿಗೆ ತಿಳಿಸಿ ಹೇಳು. ಊರವರು ಏನನ್ನುತ್ತಾರೆ ಅಂತಲೂ ಬರೆ. ಇದನ್ನು ಓದಿ ಒಲೆಗೆ ಹಾಕು.

ದತ್ತಾತ್ರಿ


ಔರಾದ
30 ಅಕ್ಟೋಬರ್ 1948

ಅಣ್ಣಾ,

ನೀನು ಬರೆದೆ, "ಓದಿ ಒಲೆಗೆ ಹಾಕು." ಹಾಕಿದೆ. ಕಾಗದ ಭಗ್ಗನೆ ಉರಿಯಿತು. ಅಕ್ತರಬೀಯ ಕೂಸು ಉರಿ ನೋಡಿ ಎಷ್ಟು ಚೀರಿತೆಂದರೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತವು.

ನೀನು ಬರೆದೆ, "ಅಪ್ಪನಿಗೆ ತಿಳಿಸಿ ಹೇಳು." ಹೇಳಿದೆ. ಎರಡು ಸಲ ಓದಿ ಹೇಳಿದೆ. ಕೊನೆಯತನಕ ಕೇಳಿದ. "ಅಂದ್ರ ಇವ ಬರೋತನಕ ಅವಂದು ಹೊಣಿ. ಅದೂ ಇದೂ ಒಂದೇ ಆತಲ್ಲವಾ" ಅಂದು ಮತ್ತೆ ಕಂಬಳಿ ಹಿಡಿದ.

ನೀನು ಬರೆದೆ, "ಊರವರು ಏನನ್ನುತ್ತಾರೆ?" ಬಾವಿಯ ಹತ್ತಿರ ಸಖುಬಾಯಿ ನನ್ನನ್ನು ನಿಲ್ಲಿಸಿದಳು.

"ಏ ಚಂದ್ರವ್ವಾ, ಜಾಮೀನ ಅಂದ್ರ ಏನ್ ತಿಳದೀ? ಅವನ ಪಾಪ ಅರ್ಧಾ ನಿಮ್ಮಪ್ಪನ ತಲಿ ಮ್ಯಾಲ."

"ಅರ್ಧಾ ಆದ್ರ ಹಗುರ ಆತಲ್ಲ ಅತ್ತಿ? ನಿನ್ನ ಕೊಡಾನೂ ಅರ್ಧಾ ಹೊರ್ಲೇನು?" ಅಂದೆ.

ಮೊದಲಾಗಿದ್ದರೆ ಅಲ್ಲಿದ್ದವರೆಲ್ಲ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಹಗ್ಗ ಎಳೆಯುವುದನ್ನೂ ಬಿಟ್ಟು ನನ್ನನ್ನು ನೋಡುತ್ತ ನಿಂತರು. ಕೊಡ ಅರ್ಧ ತುಂಬಿತ್ತು, ಹಾಗೇ ಎತ್ತಿಕೊಂಡು ಬಂದೆ.

ನೀನು ಕೇಳದೆ ಇದ್ದದ್ದು ಒಂದಿದೆ. ಮೊನ್ನೆ ಸಂಜೆ ಯಾರೋ ಎಣ್ಣೆಯ ಚಿಂದಿಗೆ ಬೆಂಕಿ ಹಚ್ಚಿ ಹಟ್ಟಿಯೊಳಗೆ ಎಸೆದರು. ದೊಡ್ಡ ಟಗರಿನ ಬೆನ್ನ ಮೇಲೆ ಬಿತ್ತು. ಅಪ್ಪ ಹೊಸದಾಗಿ ನೇಯ್ದಿದ್ದ ಕಂಬಳಿ ಎಸೆದು ಬೆಂಕಿ ಆರಿಸಿದ, ಅದರ ಒಂದು ಅಂಚು ಸುಟ್ಟಿತು. ಉಣ್ಣೆ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಎಸೆದವನು ಓಡಲಿಲ್ಲ ಅಣ್ಣಾ. ಸಾವಕಾಶ ನಡೆದುಕೊಂಡು ಹೋದ. ನಡಿಗೆ ನನಗೆ ಪರಿಚಯದ್ದು. ಹೆಸರು ಕಾಗದದಲ್ಲಿ ಬರೆಯುವುದಿಲ್ಲ.

ಅಪ್ಪ ದೀಪಾವಳಿ ಮುಗಿಸಿ ಬೀದರಕ್ಕೆ ಹೊರಡುತ್ತಾನೆ. ಆದರೆ ಅವನ ತಯಾರಿ ನೋಡಿದರೆ ನನಗೆ ಬೇರೆಯೇ ಅಂಜಿಕೆ. ಆ ಹೊಸ ಕಂಬಳಿಯನ್ನೇ ಸುತ್ತಿ ಇಟ್ಟ. ಒಣ ರೊಟ್ಟಿ ಬಡಿದು ಇಡು ಅಂದ, ಎಷ್ಟು ಅಂದರೆ ಬುಟ್ಟಿ ತುಂಬ. ಕುರಿಗಳನ್ನೆಲ್ಲ ನನಗೆ ತೋರಿಸಿ, ಯಾವುದು ಮಾಘದಲ್ಲಿ ಈಯುತ್ತದೆ, ಯಾವುದರ ಮರಿಗೆ ಹಾಲು ಸಾಲುವುದಿಲ್ಲ, ಎಲ್ಲ ಹೇಳಿಕೊಟ್ಟ. ಒಂದು ದಿನದ ಕೆಲಸಕ್ಕೆ ಹೋಗುವವನಿಗೆ ಮಾಘದ ಮಾತು ಯಾಕೆ?

ನೀನು ಅಲ್ಲೇ ಇದ್ದೀಯಲ್ಲ, ನೋಡಿಕೋ. ಅವನಿಗೆ ಅದಾಲತದ ಮೆಟ್ಟಿಲು ಎತ್ತ ಇದೆ ಅನ್ನುವುದೂ ಗೊತ್ತಿಲ್ಲ.

ಚಂದ್ರಭಾಗಾ


ಬೀದರ
14 ನವೆಂಬರ್ 1948

ಚಂದ್ರಾ,

ಅಪ್ಪನ ಜಾಮೀನು ಆಗಲಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಇನ್ನು ಅದರ ಮಾತು ಬೇಡ. ಆ ದಿನ ನಾನು ಬೇರೆ ಕೆಲಸದ ಮೇಲೆ ಹೊರಗೆ ಹೋಗಿದ್ದೆ. ಮುಜೀಬೋದ್ದೀನ ವಕೀಲರು ಹೇಳಿದ್ದನ್ನು ಬರೆಯುತ್ತಿದ್ದೇನೆ.

ಗುಲಾಮ ರಸೂಲನ ಹೆಸರು ಕೂಗಿದಾಗ ಅಪ್ಪ ಗಂಟು ಹಿಡಿದುಕೊಂಡೇ ಮುಂದೆ ಹೋದನಂತೆ. ನ್ಯಾಯಾಧೀಶ ಸಾಹೇಬರ ಕೈಕೆಳಗೆ ಕಾಗದ ನೋಡುವ ಪೇಶಕಾರ ಕೇಳಿದನಂತೆ.

"ಹೊಲ ಅದಾ?"

"ಅದರಿ. ಔರಾದ ಸೀಮಿದಾಗ."

"ಯಾರ ಹೆಸರಿಲೆ?"

"ಮಗನ ಹೆಸರಿಲೆ ಮಾಡೀನ್ರಿ. ಅವಂಗ ಸಹಿ ಬರ್ತದ್ರಿ."

"ಹಂಗಾರ ನಿನ್ನ ಹತ್ರ ಏನದ?"

"ನಾ ಇದ್ದೀನಲ್ರಿ."

ಜನ ನಗಲು ಶುರು ಮಾಡಿದ್ದು ಅಲ್ಲಿಂದ. ಅಪ್ಪನಿಗೆ ಅವರು ಯಾಕೆ ನಗುತ್ತಾರೆಂದು ತಿಳಿಯಲಿಲ್ಲ. ಕೈದಿಗಳನ್ನು ನಿಲ್ಲಿಸಿದ ಕಡೆಗೆ ಹೋದ. ನೆಲವನ್ನು ಅಂಗೈಯಿಂದ ಒರೆಸಿದ, ಗಂಟು ಬಿಚ್ಚಿದ, ಕಂಬಳಿ ಹಾಸಿದ, ಅದರ ಮೇಲೆ ಕೂತ. ಪೊಲೀಸಿನವನಿಗೆ ಹೇಳಿದ, "ಅವನ್ನ ಹೊರಗ ಬಿಡ್ರಿ. ಅವ ತಿರಗಿ ಬರೋತನಕ ನಾ ಕುಂಡ್ರತೀನಿ. ಹಾಸ್ಗಿ ತಂದೀನಿ, ರೊಟ್ಟಿ ತಂದೀನಿ. ನಿಮಗ ತ್ರಾಸಿಲ್ಲ."

ಪೊಲೀಸಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರೂ ಮುಖ ತಗ್ಗಿಸಿ ನಕ್ಕರು. ಗುಲಾಮ ರಸೂಲ ಮಾತ್ರ ನಗಲಿಲ್ಲ. "ಕಾಕಾ, ಮನಿಗಿ ಹೋಗ್ರಿ. ನಿಮ್ಮ ಕಾಲ ಬೀಳ್ತೀನಿ, ಎದ್ದೇಳ್ರಿ" ಅಂದ. ಕೊನೆಗೆ ಇಬ್ಬರು ಸೇರಿ ಅಪ್ಪನನ್ನು ಎಬ್ಬಿಸಿ ಹೊರಗೆ ಕಳಿಸಿದರು.

ನೀನು ಕೇಳಿದ ಮಾಘದ ಮಾತು ಈಗ ತಿಳಿಯಿತಾ? ಅದಾಲತದ ಜಾಮೀನು ಅಂದರೆ ಹೊಲದವನ ಪಡಸಾಲೆಯಲ್ಲಿ ಕೂತ ಹಾಗೆ, ಅವನ ಬದಲು ತಾನು ಜೇಲಿನಲ್ಲಿ ಕೂರುವುದು ಅಂತ ತಿಳಿದಿದ್ದ ಅಪ್ಪ.

ಇನ್ನು ಅವನನ್ನು ಕಳಿಸಬೇಡ.

ದತ್ತಾತ್ರಿ


ಔರಾದ
22 ನವೆಂಬರ್ 1948

ಅಣ್ಣಾ,

ಕಾಗದದಲ್ಲಿ ಪುಸ್ತಕದ ಭಾಷೆ ಬರೆಯಬೇಕು ಅಂತ ನೀನೇ ಕಲಿಸಿದ್ದು. ಇವತ್ತು ತಪ್ಪಿದರೆ ತಿದ್ದಬೇಡ.

ನೆಲ ಒರೆಸಿದ್ದು ವಕೀಲರು ಹೇಳಿದ್ರಾ? ಅಂಗೈಲೆ ಒರಸಿದಾ ಅಂತನೂ ವಕೀಲರೇ ಹೇಳಿದ್ರಾ? ನಗೋರ ಇದ್ದಲ್ಲಿ ವಕೀಲರು ನಗೋರ ಮಾರಿ ನೋಡ್ತಾರ ಅಣ್ಣಾ. ಅಪ್ಪನ ಕೈ ನೋಡೋರು ನೀ ಮತ್ತ ನಾ, ಇಬ್ಬರೇ.

ಅಪ್ಪ ನಡೆದುಕೊಂಡೇ ಬಂದ. ಕಾಲು ತೊಳೆದು ಕೂತ ಮೇಲೆ ಕೇಳಿದೆ, "ಅಣ್ಣ ಸಿಕ್ಕಿದ್ನಾ?" "ಇಲ್ಲವಾ" ಅಂದ. ರೊಟ್ಟಿ ಮುರಿದ, ತಿನ್ನಲಿಲ್ಲ. ಆಮೇಲೆ, "ಆ ಕಚೇರ್ಯಾಗ ಕಪಾಟದ ಹಿಂದ ಭಾಳ ಧೂಳ ಅದ. ಅವಂಗ ಮೊದಲಿಂದ ಧೂಳಿಗಿ ಸೀನು ಬರ್ತಾವ" ಅಂದ. ಮತ್ತೆ, "ಇದು ಅವಂಗ ಬರಿಬ್ಯಾಡ" ಅಂದ.

ಬರೆದಿದ್ದೇನೆ.

ಇನ್ನೊಂದು. ಹೊಲ ಯಾರ ಹೆಸರಲ್ಲಿದೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಜಪ್ತಿಯ ಮಾತು ಬರೆದಾಗ "ಹೊಣೆ ಹೊತ್ತವನ ಹೊಲ" ಅಂತ ಬರೆದೆ, ಆ ಹೊಲ ನಿನ್ನ ಹೆಸರಲ್ಲಿದೆ ಅಂತ ಬರೆಯಲಿಲ್ಲ. ಅಪ್ಪನ ಜಾಮೀನು ನಡೆಯುವುದಿಲ್ಲ ಅಂತ ತಿಳಿದೂ ಅಷ್ಟು ದೂರ ಬರಲು ಬಿಟ್ಟೆ.

ಅಪ್ಪ ತನ್ನನ್ನು ಒಳಗೆ ಹಾಕುತ್ತಾರೆ ಅಂತಲೇ ಹೊರಟಿದ್ದ. ಹೊರಡುವ ದಿನ ಹಟ್ಟಿಗೆ ಹೋಗಿ ಒಂದೊಂದು ಕುರಿಯನ್ನೂ ಮುಟ್ಟಿ ಬಂದ. ದೊಡ್ಡ ಟಗರಿನ ಹತ್ತಿರ ಎರಡು ಸಲ ಹೋದ, ಲೆಕ್ಕ ತಪ್ಪಿರಬೇಕು ಅಂತ ನಾನು ತಿಳಿದೆ.

ಚಂದ್ರಭಾಗಾ


ಬೀದರ
3 ಜನವರಿ 1949

ಚಂದ್ರಾ,

ಹೌದು. ನಾ ಅಲ್ಲೇ ಇದ್ದೆ, ಕಪಾಟದ ಹಿಂದ.

ನಿನ್ನ ಕಾಗದಕ್ಕೆ ಎಷ್ಟು ಸಲ ಉತ್ತರ ಬರೆದು ಹರಿದೆನೋ ಗೊತ್ತಿಲ್ಲ. ಪುಸ್ತಕದ ಭಾಷೆ ನನಗೂ ಬರುತ್ತಿಲ್ಲ. ಅಪ್ಪ ಕಂಬಳಿ ಹಾಸೂ ಹೊತ್ತಿನ್ಯಾಗ ನಾ ಹೊರಗ ಬರಬೇಕಂತ ಒಂದ ಕಾಲ ಮುಂದಿಟ್ಟೆ ಚಂದ್ರಾ. ಅಷ್ಟರಾಗ ನಗು ಎದ್ದಿತು. ಆ ನಗು ನನ್ನ ಮ್ಯಾಲ ತಿರುಗ್ತದ ಅಂತ ಕಾಲ ಹಿಂದ ತಗೊಂಡೆ.

ವಕೀಲರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೈದರಾಬಾದಿಗೆ ಹೋದರು. ಗುಲಾಮ ರಸೂಲನ ಕೆಲಸ ಇನ್ನೊಬ್ಬ ವಕೀಲರಿಗೆ ಒಪ್ಪಿಸಿದ್ದಾರೆ. ಹೋಗುವ ದಿನ ನನ್ನನ್ನು ಕರೆದು, "ಅರ್ಜಿ ತಯಾರ ಅದ. ನಿನ್ನ ಸಹಿ ಒಂದ ಬಾಕಿ" ಅಂದರು. ನಾನು ಅವರ ಪೆಟ್ಟಿಗೆ ಎತ್ತಿ ಟಾಂಗಾದಲ್ಲಿ ಇಟ್ಟೆ. "ಅಂಜಿಕಿ ಬರ್ತದ ದತ್ತಾತ್ರಿ, ನನಗೂ ಬಂದದ. ಅದಕ್ಕೇ ಹೊಂಟೀನಿ" ಅಂದು ಟಾಂಗಾ ಹತ್ತಿದರು.

ಹೋದ ವಾರ ಜೇಲಿನ ಬಾಗಿಲ ತನಕ ಹೋಗಿದ್ದೆ. ಗುಲಾಮ ರಸೂಲ ಅಂಗಳದ ಬಿಸಿಲಿಗೆ ಕೂತಿದ್ದ. ಮೈ ತುಂಬ ಜ್ವರ. ಬಿಲ್ಲು ಮೀಟುವ ಬೆರಳು ಮಾತ್ರ ತಾವೇ ಆಡುತ್ತಿದ್ದವು, ಮುಂದೆ ಉಣ್ಣೆ ಇದ್ದ ಹಾಗೆ. ಈ ಚಳಿ ಕಳೆಯುವ ತನಕ ಉಳಿಯುವುದಿಲ್ಲ ಅಂತ ಕಾವಲಿನವನೇ ಹೇಳಿದ.

ಅಲ್ಲಿಂದ ನೇರ ಅದಾಲತಕ್ಕೆ ಹೋದೆ, ಹೊಲದ ಪಟ್ಟಾ ತೆಗೆದುಕೊಂಡು. ಬಾಗಿಲಲ್ಲಿ ಪರಿಚಯದವನೊಬ್ಬ, "ಏನ್ ದತ್ತಾತ್ರಿ, ಯಾರ ಕೆಲಸ?" ಅಂದ. "ಯಾರದೂ ಇಲ್ಲ" ಅಂದು ತಿರುಗಿ ಬಂದೆ.

ನಾ ಸಹಿ ಮಾಡಿ ಅವ ಓಡಿಹೋದ್ರ? ಹೊಲ ಹೋದ್ರ ನೀವು ಎಲ್ಲಿ ಇರ್ತೀರಿ? ಮಡೆಪ್ಪನವರು ಏನಂತಾರ? ಚೌಬಾರಾದಾಗ ನನ್ನ ತಡದು ನಿಲ್ಲಿಸಿದ್ರ ನಾ ಏನ್ ಹೇಳ್ಲಿ? ಒಂದಕ್ಕಾದ್ರೂ ಉತ್ತರ ಬರಿ.

ದತ್ತಾತ್ರಿ


ಔರಾದ
19 ಜನವರಿ 1949

ಅಣ್ಣಾ,

ಒಂದಕ್ಕಾದರೂ ಉತ್ತರ ಬರಿ ಅಂದಿದ್ದೀ. ಒಂದಕ್ಕೆ ಸಿಕ್ಕಿದೆ.

ಮೊನ್ನೆ ಮಡೆಪ್ಪನವರು ಬಂದಿದ್ದರು. ಹಲಬರ್ಗಾದ ಬಂಡಿ ಹಟ್ಟಿಯ ಮುಂದೆ ನಿಂತಾಗ ಅಕ್ತರಬೀ ಕೂಸಿನ ಬಾಯಿಗೆ ಕೈ ಮುಚ್ಚಿ ಮರಿ ಕೂಡಿಹಾಕುವ ಬುಟ್ಟಿಯ ಹಿಂದೆ ಹೋಗಿ ಕೂತಳು. ಅವರು ಒಬ್ಬರೇ ಇಳಿದರು. ಅಪ್ಪನ ಮುಂದೆ ಕೂತರು. ನೀರು ಕೊಟ್ಟೆ, ಪಕ್ಕಕ್ಕೆ ಇಟ್ಟರು.

"ಏನೋ ಧೊಂಡಿಬಾ, ನನ್ನ ಬಣವಿ ಸುಟ್ಟಾಂವಗ ಜಾಮೀನ ಹೋಗಿದ್ದೆಂತ?"

"ಹೋಗಿದ್ದೆ. ಒಳಗ ತಗೋಳ್ಳಿಲ್ಲ."

"ಅವನೇ ಸುಟ್ಟಾನಂತ ನಿನಗ ಗೊತ್ತದಾ?"

"ಇಲ್ಲ. ಸುಟ್ಟಿಲ್ಲಂತನೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಹೊಗಿ ಇತ್ತು, ಯಾರ ಮಾರೀನೂ ಕಾಣಲಿಲ್ಲ" ಅಂದರು ಮಡೆಪ್ಪನವರು. ಆಮೇಲೆ ಅವರ ದನಿ ಏರಿತು. "ಇವ ಇದ್ದನೋ ಇಲ್ಲೋ, ಇದ್ರ ಕಡ್ಡಿ ಗೀರಿದಾಂವ ಯಾರು, ಅದು ಇವನ ಬಾಯಿಲೇ ಕೇಳಬೇಕು ನನಗ. ಜೇಲಿನ್ಯಾಗ ಸತ್ತ್ರ ನಾ ಯಾರಿಗಿ ಕೇಳ್ಲಿ? ಜೀವಂತ ತಂದು ಪೇಶಿಗಿ ನಿಂದ್ರಸ್ರಿ ಅವನ್ನ!"

"ಅದಕ್ಕೇ ನಾ ಕುಂಡ್ರತೀನಿ ಅಂದೆ."

"ನೀ ಕುಂತ್ರ ನಗ್ತಾರ ಮುದುಕಾ. ನಿನ್ನ ಮಗ ಎಲ್ಲಿ?"

ಅಷ್ಟರಲ್ಲಿ ಬುಟ್ಟಿಯ ಹಿಂದೆ ಕೂಸು ಕೆಮ್ಮಿತು. ಮಡೆಪ್ಪನವರು ಆ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಪಕ್ಕಕ್ಕಿಟ್ಟ ನೀರು ತೆಗೆದು ಕುಡಿದು, ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಎದ್ದರು. ಮದುವೆಯ ಮಾತು ಎತ್ತಲಿಲ್ಲ. ಮುರಿಯಿತು ಅಂತಲೂ ಅನ್ನಲಿಲ್ಲ, ಇದೆ ಅಂತಲೂ ಅನ್ನಲಿಲ್ಲ. ಅದು ನನಗೂ ತಿಳಿಯದು.

ನಿನ್ನ ಉಳಿದ ಪ್ರಶ್ನೆಗಳನ್ನು ನಾನೂ ಲೆಕ್ಕ ಹಾಕಿದೆ. ಅವನು ಓಡಿಹೋಗಬಹುದು. ಹೊಲ ಹೋಗಬಹುದು. ಚಿಂದಿ ಎಸೆದವನು ಹೋದ ವಾರ ಸಂತೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಮೆಣಸಿನಕಾಯಿ ಕೊಂಡ, "ಅಣ್ಣ ಆರಾಮ ಇದ್ದಾನಾ?" ಅಂತ ಕೇಳಿದ. ಅವತ್ತಿನಿಂದ ನಾನು ಕುಡುಗೋಲು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಈ ಮನ್ಯಾಗ ಅಂಜಿಕಿ ಇಲ್ಲದೋರು ಯಾರೂ ಇಲ್ಲ ಅಣ್ಣಾ. ನೀ ಒಬ್ಬನೇ ಅಂಜಲತ್ತೀ ಅಂತ ತಿಳೀಬ್ಯಾಡ.

ಮುಂದಿನ ಪೇಶಿ 27ಕ್ಕೆ, ಗುರುವಾರ. ಅಪ್ಪ ಮತ್ತೆ ಹೊರಟಿದ್ದಾನೆ. ಅದಾಲತದ ಜಾಮೀನು ಬೇರೆ, ನಿನ್ನನ್ನು ಯಾರೂ ಒಳಗೆ ಹಾಕುವುದಿಲ್ಲ, ಮತ್ತೆ ನಗುತ್ತಾರೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಈ ಸಲ ಅವನಿಗೆ ತಿಳಿದಿದೆ. "ನಗಲಿ. ಕೂಗಿದಾಗ ಅವನ ಕಡಿಗಿ ಯಾರರೇ ಒಬ್ಬರು ಕಾಣಬೇಕಲ್ಲವಾ" ಅಂದ. ಅವನು ಕಟ್ಟಿದ ಗಂಟು ಬಿಚ್ಚಿಕೊಂಡಿತು, ಎರಡನೇ ಸಲ ನಾನೇ ಬಿಗಿದು ಕೊಟ್ಟೆ. ಅದೇ ಕಂಬಳಿ. ಒಂದು ಅಂಚು ಸುಟ್ಟಿದೆ, ಬಿಚ್ಚಿದರೆ ನಿನಗೂ ಗುರುತು ಸಿಗುತ್ತದೆ.

ಇದನ್ನು ಒಲೆಗೆ ಹಾಕಬೇಡ. ಜೇಬಿನಲ್ಲಿ ಇಟ್ಟುಕೊಂಡು ಹೋಗು.

ನಿನ್ನ ತಂಗಿ,
ಚಂದ್ರಭಾಗಾ

ತಾ.ಕ. ಪಟ್ಟಾ ನಿನ್ನ ಹತ್ರ ಅದ, ಸಹಿ ನಿನಗ ಬರ್ತದ. ಗುರುವಾರ ಪೇಶಕಾರ ಎದ್ದು "ಈ ಮನುಷ್ಯಾಗ ಜಾಮೀನ ಯಾರು?" ಅಂತ ಕೂಗ್ತಾನ. ಅಪ್ಪ ನೆಲಾ ಒರಸಿ ಕಂಬಳಿ ಹಾಸ್ತಾನ, ಮಂದಿ ನಗ್ತಾರ. ಆವಾಗ ನೀ ಎಲ್ಲಿ ನಿಂತಿರ್ತಿ ಅಣ್ಣಾ?